ಅಂಗಿಯ ಕೊನೆಯ ಗುಂಡಿ

ಹೊಸದಾಗಿ ಕೆಲಸಕ್ಕೆ ಸೇರಿದ ಹೆಂಗಸಿಗೆ ದೊಡ್ಡಮ್ಮ ಮೊದಲು ಕಲಿಸುತ್ತಿದ್ದುದು ನೆಲ ಒರೆಸುವುದನ್ನಲ್ಲ, ನೀರು ಕುಡಿಯದೆ ಇರುವುದನ್ನು.

"ಬೆಳಿಗ್ಗೆ ಎರಡು ಗುಟುಕು. ಊಟ ಆದ್ಮೇಲೆ ಎರಡು ಗುಟುಕು. ಸಾಕು. ಚಹಾ ಅಂತೂ ಮುಟ್ಟಲೇಬೇಡ. ಅದು ಒಳಗೆ ಹೋದ ಗಳಿಗೇಲೇ ವಾಪಸ್ ಬಾಗಿಲು ತಟ್ಟುತ್ತೆ."

"ಬಾಯಿ ಒಣಗಿದ್ರೆ, ದೊಡ್ಡಮ್ಮ?"

ಆಗ ದೊಡ್ಡಮ್ಮ ಆ ಹೆಂಗಸಿನ ಕಂದು ಸಮವಸ್ತ್ರಕ್ಕೆ ಕೈ ಹಾಕಿ, ಅಂಗಿಯ ಕೊನೆಯ ಗುಂಡಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಒರೆಸಿ, ಅವಳ ಅಂಗೈಯಲ್ಲಿಡುತ್ತಿದ್ದಳು. "ನಾಲಿಗೆ ಕೆಳಗೆ ಇಟ್ಕೋ. ಜೊಲ್ಲು ಊರುತ್ತೆ. ಅದನ್ನೇ ನುಂಗು. ಗುಂಡಿ ನುಂಗಬೇಡ ಮತ್ತೆ, ಅದು ಹೊರಗೆ ಬರೋಕೂ ಜಾಗ ಬೇಕಲ್ಲ!"

ಹೆಂಗಸರು ನಗುತ್ತಿದ್ದರು. ಹೊಸಬಳೂ ನಗುತ್ತಿದ್ದಳು. ಒಂದು ವಾರ ಕಳೆದ ಮೇಲೆ ಅವಳಿಗೆ ಅದರಲ್ಲಿ ನಗುವಂಥದ್ದೇನೂ ಇಲ್ಲವೆಂದು ತಿಳಿಯುತ್ತಿತ್ತು.

ಆ ಕಟ್ಟಡದಲ್ಲಿ ಹತ್ತೊಂಬತ್ತು ಜನ ಹೆಂಗಸರು ಕಕ್ಕಸು ತೊಳೆಯುತ್ತಿದ್ದರು. ಹತ್ತೊಂಬತ್ತು ಅಂಗಿಗಳಲ್ಲೂ ಕೊನೆಯ ಗುಂಡಿ ಇರಲಿಲ್ಲ. ಸೂಪರ್‌ವೈಸರ್‌ಗೆ ಇದು ಬಗೆಹರಿಯದ ಒಗಟಾಗಿತ್ತು. ಮಾತಿಗೊಮ್ಮೆ ಮುಂಗೈ ನೋಡಿಕೊಳ್ಳುವ ಅವನಿಗೆ ಹೆಂಗಸರು ಗಡಿಯಾರ ಎಂದು ಹೆಸರಿಟ್ಟಿದ್ದರು. "ಏನ್ರೇ ನೀವು, ಗುಂಡಿ ತಿಂತೀರಾ?" ಎಂದು ಅವನು ರೇಗುತ್ತಿದ್ದ. "ಹ್ಞೂಂ ಸಾರ್, ಊಟಕ್ಕೆ ನೆಂಚಿಕೊಳ್ಳೋಕೆ," ಎನ್ನುತ್ತಿದ್ದಳು ದೊಡ್ಡಮ್ಮ, ನಾಲಿಗೆಯ ಕೆಳಗೆ ಗುಂಡಿಯನ್ನು ಒತ್ತಿಕೊಂಡು.

ಆಫೀಸುಗಳ ಆ ಕಟ್ಟಡಕ್ಕೆ ಹದಿನಾಲ್ಕು ಮಹಡಿ. ಹೊರಗೆಲ್ಲ ಗಾಜು. ಮಹಡಿಗೆ ಎಂಟು ಕಕ್ಕಸು, ಗಂಡಸರಿಗೆ ನಾಲ್ಕು, ಹೆಂಗಸರಿಗೆ ನಾಲ್ಕು. ತೊಳೆಯುವವರಿಗೆ ಇದ್ದದ್ದು ಒಂದೇ. ಅದು ನೆಲದ ಕೆಳಗಿನ ಮೂರನೆಯ ಅಂತಸ್ತಿನಲ್ಲಿ, ಜನರೇಟರಿನ ಹಿಂದೆ ಇತ್ತು. ದೊಡ್ಡಮ್ಮನ ಪಾಲಿನ ಒಂಬತ್ತನೆಯ ಮಹಡಿಯಿಂದ ಅಲ್ಲಿಗೆ ಹೋಗಬೇಕೆಂದರೆ ಸಾಮಾನಿನ ಲಿಫ್ಟಿಗೆ ಕಾಯಬೇಕು. ಅದು ನೆಲಮಟ್ಟದಲ್ಲೇ ನಿಂತುಬಿಡುತ್ತಿತ್ತು. ಆಮೇಲೆ ಕಾರುಗಳು ಇಳಿಯುವ ಇಳಿಜಾರಿನಲ್ಲಿ ಗೋಡೆಗೆ ಅಂಟಿಕೊಂಡು ನಡೆಯಬೇಕು. ಹೋಗಿ ಬರಲು ಹದಿನಾರು ನಿಮಿಷ. ಕೊರಳಿಗೆ ನೇತುಹಾಕಿದ ಹಾಜರಿ ಕಾರ್ಡು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಮಹಡಿಯಿಂದ ಕಾಣೆಯಾದರೆ ಗಡಿಯಾರನ ಫೋನು ಕುಂಯ್ ಎನ್ನುತ್ತಿತ್ತು.

ಹೋಗಬೇಡಿ ಎಂದು ಯಾರೂ ಅಂದಿರಲಿಲ್ಲ. ಕಟ್ಟಡ ಅಂದಿತ್ತು.

ತೊಳೆಯುವ ಕಕ್ಕಸಿನಲ್ಲೇ ಕೂತರೆ? ಗಿಡ್ಡಿ ಎಂಬವಳು ಒಮ್ಮೆ ಕೂತಿದ್ದಳು. ಮೇಲಿನ ಮಹಡಿಗಳ ಕಕ್ಕಸಿನ ಬಾಗಿಲುಗಳು ನೆಲಕ್ಕೆ ಮುಟ್ಟುವುದಿಲ್ಲ, ಕೆಳಗೆ ಒಂದು ಗೇಣು ಸಂದು. ಕೈ ತೊಳೆಯಲು ಬಂದ ಒಬ್ಬಾಕೆಗೆ ಆ ಸಂದಿನಲ್ಲಿ ಕಂದು ಬಣ್ಣದ ರಬ್ಬರ್ ಬೂಟು ಕಂಡಿತು. ಆಕೆ ಕೂಗಾಡಲಿಲ್ಲ. ಒಂದು ಸಾಲು ಬರೆದು ಕಳಿಸಿದಳು, ಅಷ್ಟೆ. ಮಧ್ಯಾಹ್ನದೊಳಗೆ ಇಬ್ಬರು ಬಂದು ಆ ಕಮೋಡಿನ ಸೀಟನ್ನೇ ಬಿಚ್ಚಿ ಹೊಸದು ಕೂರಿಸಿದರು. ಹಳೆಯ ಸೀಟನ್ನು ಕಪ್ಪು ಚೀಲದಲ್ಲಿ ಕಟ್ಟಿ ಕೆಳಗೆ ಒಯ್ದವಳು ದೊಡ್ಡಮ್ಮನೇ. ಚಂದದ ಸೀಟು. ಒಂದು ಗೀರೂ ಇರಲಿಲ್ಲ. ಮರುದಿನ ಗಿಡ್ಡಿಯ ಕಾರ್ಡಿಗೆ ಗೇಟು ತೆರೆಯಲಿಲ್ಲ.

ಸತ್ತ ಇಲಿ ಸಿಕ್ಕ ಕಮೋಡಿಗೂ ಅವರು ಸೀಟು ಬದಲಿಸಿರಲಿಲ್ಲ. ತೊಳಿ ಅಂದಿದ್ದರು, ತೊಳೆದಿದ್ದಳು. ಆ ಚೀಲವನ್ನು ದೊಡ್ಡಮ್ಮ ಬೇಕಾದದ್ದಕ್ಕಿಂತ ಜೋರಾಗಿ ತೊಟ್ಟಿಗೆ ಎಸೆದಳು. ಆದರೆ ಅವಳು ಅದನ್ನು ಸಿಟ್ಟು ಎಂದು ಗುರುತಿಸಲಿಲ್ಲ. ಜಾಣತನ ಮಾಡಿಕೊಂಡಳು. ನೀರು ಕುಡಿದರೆ ತಾನೇ ತಾಪತ್ರಯ?

ಆರು ವರ್ಷದಿಂದ ಅವಳು ಜನರ ಹಿಂದೆಯೇ ಹೋಗಿ, ಜನ ಬಿಟ್ಟದ್ದನ್ನು ನೋಡಿದ್ದಳು. ಮುಖ ನೋಡದೆಯೂ ಮನುಷ್ಯರನ್ನು ಅಳೆಯಬಲ್ಲವಳಾಗಿದ್ದಳು. ಲಾಬಿಯ ಹೊಳೆಯುವ ಕಲ್ಲಿನ ಮೇಲೆ ಕಾಲಿಟ್ಟೊಡನೆ ದನಿ ತಗ್ಗಿಸುವ ಗಂಡಸೇ ಹಿಂಬದಿ ಮೆಟ್ಟಿಲಿನ ಮಂಕು ಬೆಳಕಿಗೆ ಬಂದರೆ ಕ್ಯಾಕರಿಸಿ ಗೋಡೆಗೆ ಉಗಿಯುತ್ತಾನೆ. ಕನ್ನಡಿ ಇದ್ದ ಕಡೆ ಕೈ ತೊಳೆಯುತ್ತಾರೆ. ಕನ್ನಡಿ ಒಡೆದುಹೋದ ವಾರ ಯಾರೂ ತೊಳೆಯಲಿಲ್ಲ. ಬಾಗಿಲು ಹಾಕಿಕೊಂಡ ಮೇಲಂತೂ ಕೇಳಬೇಡಿ. ಹೊರಗೆ ಅತ್ತರು ಪೂಸಿಕೊಂಡು ಓಡಾಡುವ ಹೆಂಗಸರು ಒಳಗೆ ರಕ್ತದ ಬಟ್ಟೆಯನ್ನು ಸುತ್ತದೆ, ಬುಟ್ಟಿಯ ಪಕ್ಕಕ್ಕೆ ಎಸೆದು ಹೋಗುತ್ತಿದ್ದರು. ಬುಟ್ಟಿ ಎರಡು ಗೇಣು ದೂರ. ಅಲ್ಲಿಯವರೆಗೆ ಬಗ್ಗುವವಳು ಒಬ್ಬಳಿದ್ದಾಳೆ ಎಂಬುದು ಅವರ ಕೈಗೆ ಗೊತ್ತಿತ್ತು.

ಉಚ್ಚೆಯ ಬಣ್ಣವೂ ಅವಳಿಗೆ ಗೊತ್ತಿತ್ತು. ಮೇಲಿನವರು ಬಿಟ್ಟುಹೋದದ್ದು ನೀರಿನಂತೆ ತೆಳ್ಳಗಿರುತ್ತಿತ್ತು. ಅವರು ದಿನವಿಡೀ ಬಾಟಲಿ ಹಿಡಿದೇ ತಿರುಗುವವರು. ನೆಲದಡಿಯ ಆ ಒಂದು ಕಕ್ಕಸಿನಲ್ಲಿ ಮಾತ್ರ ಹಳದಿ ದಾಟಿ ಕಂದಾಗಿರುತ್ತಿತ್ತು. ಸಮವಸ್ತ್ರದ ಬಣ್ಣ.

ದೊಡ್ಡಮ್ಮನ ಸೊಸೆ ಅದೇ ಕಟ್ಟಡಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಸೇರಿಸಿದವಳು ದೊಡ್ಡಮ್ಮನೇ. ಮಗ ಲಾರಿಯ ಮೇಲೆ ಹೋದರೆ ವಾರಕ್ಕೊಮ್ಮೆ ಮನೆ ನೋಡುವವನು. ಅತ್ತೆ ಸೊಸೆ ಇಬ್ಬರೇ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದರು. ಸೊಸೆಗೆ ಈಗ ಐದು ತಿಂಗಳು. ಅವಳು ಗುಂಡಿ ಕೀಳಿಸಿಕೊಂಡಾಗ, "ಇದು ಹೇಗೂ ಹಾಕೋಕಾಗದ ಕಾಲ ಬರುತ್ತೆ ಬಿಡಿ ಅತ್ತೆ," ಎಂದಿದ್ದಳು. ಬಂದಿತ್ತು. ಕೊನೆಯ ಗುಂಡಿಯ ಜಾಗದಲ್ಲಿ ಅಂಗಿ ತೆರೆದುಕೊಂಡು ಹೊಟ್ಟೆ ಇಣುಕುತ್ತಿತ್ತು.

"ಅತ್ತೆ, ಒಂದಕ್ಕೆ ಹೋಗ್ಬೇಕು," ಎನ್ನುತ್ತಿದ್ದಳು.

"ಈಗ ತಾನೇ ಹೋಗಿದ್ಯಲ್ಲೇ."

"ಅದು ಬೆಳಿಗ್ಗೆ ಅತ್ತೆ. ಮನೇಲಿ."

"ತಡ್ಕೋ. ನಾನು ನನ್ನ ಮಗನ್ನ ಹೊಟ್ಟೇಲಿಟ್ಕೊಂಡು ಇಡೀ ದಿನ ಇಟ್ಟಿಗೆ ಹೊತ್ತಿದ್ದೀನಿ. ಮನಸ್ಸು ಗಟ್ಟಿ ಮಾಡಿದ್ರೆ ಎಲ್ಲ ನಿಲ್ಲುತ್ತೆ."

ಇಟ್ಟಿಗೆ ಹೊತ್ತದ್ದು ನಿಜ. ಬಯಲಿನಲ್ಲಿ, ಬೇಕಾದಾಗ ಪೊದೆಯ ಮರೆಗೆ ಹೋಗಬಹುದಾಗಿದ್ದ ಜಾಗದಲ್ಲಿ. ಅದನ್ನು ಮಾತ್ರ ಅವಳು ಹೇಳಲಿಲ್ಲ.

ಆ ಹೊತ್ತಿಗೆ ಕಟ್ಟಡಕ್ಕೆ ಒಬ್ಬ ಮೇಡಂ ಬಂದಳು. ಕೈಯಲ್ಲೊಂದು ಟ್ಯಾಬು. ಯಾರು ಎಲ್ಲಿ ನಿಲ್ಲುತ್ತಾರೆ, ಯಾವ ಮೂಲೆಯಲ್ಲಿ ಹರಟುತ್ತಾರೆ, ಯಾವ ಬಾಗಿಲಿನಿಂದ ಹೋಗುತ್ತಾರೆ ಎಂದು ಮೂರು ವಾರ ನಿಂತು ನೋಡಿ ಗುರುತು ಹಾಕಿಕೊಂಡಳು. ಹೆಂಗಸರು ಅವಳಿಗೆ ಟಿಕ್ ಮೇಡಂ ಎಂದರು. ಕೆಟ್ಟವಳಲ್ಲ. ಒದ್ದೆ ನೆಲ ಕಂಡರೆ ಸುತ್ತಿ ಹೋಗುತ್ತಿದ್ದಳು. ಅಷ್ಟು ಮಾಡುವವರು ಆ ಕಟ್ಟಡದಲ್ಲಿ ಇನ್ನಿಬ್ಬರೂ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ತೊಳೆಯುವವರನ್ನೂ ಮಾತನಾಡಿಸುತ್ತಾಳೆಂದು ಸುದ್ದಿ ಬಂತು. ಹಿಂಬದಿ ಮೆಟ್ಟಿಲಲ್ಲಿ ಹೆಂಗಸರು ಗುಂಪಾದರು.

"ನೆಲದಡಿ ಕಕ್ಕಸಿಗೆ ದಿನಕ್ಕೆ ಎಷ್ಟು ಸಲ ಹೋಗ್ತೀರಿ ಅಂತ ಕೇಳ್ತಾಳಂತೆ."

"ಅದ್ಯಾಕೆ ಅವಳಿಗೆ?"

"ಯಾಕೇನು? ಗಡಿಯಾರನ ಕಿತಾಪತಿ," ಎಂದಳು ದೊಡ್ಡಮ್ಮ. "ಯಾರು ಜಾಸ್ತಿ ಕಾಣೆಯಾಗ್ತಾರೆ ಅಂತ ತಿಳ್ಕೊಳ್ಳೋಕೆ ಹೆಣ್ಣನ್ನ ಕಳಿಸಿದ್ದಾನೆ. ಗಿಡ್ಡಿ ಕಥೆ ಮರೆತ್ರಾ? ಎಲ್ಲರೂ ಒಂದೇ ಮಾತು ಹೇಳಿ. ಹೋಗೋದೇ ಇಲ್ಲ ಅನ್ನಿ."

"ಯಾರಾದ್ರೂ ನಂಬ್ತಾರಾ ದೊಡ್ಡಮ್ಮ? ನಾವೇನು ಗೊಂಬೆಗಳಾ?"

"ನಂಬ್ತಾರೆ. ನಮ್ಮ ವಿಷಯದಲ್ಲಿ ಏನು ಹೇಳಿದ್ರೂ ನಂಬ್ತಾರೆ."

ಟಿಕ್ ಮೇಡಂ ದೊಡ್ಡಮ್ಮನನ್ನು ಕುರ್ಚಿಯ ಮೇಲೆ ಕೂರಿಸಿ ಮಾತನಾಡಿಸಿದಳು. ಆ ಕಟ್ಟಡದಲ್ಲಿ ದೊಡ್ಡಮ್ಮ ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಮೆತ್ತಗಿತ್ತು. ಅದಕ್ಕೇ ಇನ್ನಷ್ಟು ಅನುಮಾನ ಬಂತು.

"ಕೆಳಗಿನ ಶೌಚಾಲಯ ದಿನಕ್ಕೆ ಎಷ್ಟು ಸಲ ಬಳಸ್ತೀರಿ ಅಮ್ಮ?"

"ನಾವಾ? ಹೋಗೋದೇ ಇಲ್ಲ ಮೇಡಂ. ಮನೇಲಿ ಮುಗಿಸ್ಕೊಂಡು ಬಂದ್ರೆ ಮತ್ತೆ ಮನೇಗೇ. ಅಭ್ಯಾಸ."

"ಒಂದು ಸಲನೂ ಇಲ್ವಾ?"

"ಕೆಲಸ ಕಳ್ಳತನ ಮಾಡೋ ಜನ ಅಲ್ಲ ನಾವು."

ಟಿಕ್ ಮೇಡಂ ಹುಬ್ಬೇರಿಸಿ, ಸೊನ್ನೆ ಒತ್ತಿದಳು. ಟ್ಯಾಬಿನಲ್ಲಿ ಎಷ್ಟು ಸಲ ಎಂಬ ಕಾಲಂ ಇತ್ತು. ಯಾಕೆ ಎಂಬ ಕಾಲಂ ಇರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಹೋಗಿ ಅದನ್ನೇ ಹೇಳಿದರು. ಕೊನೆಗೆ ಸೊಸೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಂಗೆ ಮಾತ್ರ..." ಎಂದು ಬಾಯಿ ತೆರೆದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಕಣ್ಣು ಬಿಟ್ಟಳು. "ನಂಗೂ ಅಭ್ಯಾಸ," ಎಂದಳು ಸೊಸೆ.

ಅಂದು ಬಸ್ಸಿನಲ್ಲಿ ದೊಡ್ಡಮ್ಮ ಗೆದ್ದವಳಂತೆ ಕೂತಿದ್ದಳು. ಸೊಸೆ ಕಿಟಕಿಯ ಕಡೆ ತಿರುಗಿದ್ದಳು.

ಒಂದು ತಿಂಗಳಾದ ಮೇಲೆ ನೆಲದಡಿಯ ಆ ಬಾಗಿಲಿಗೆ ಬೀಗ ಬಿತ್ತು. ಎರಡು ದಿನ ಸುತ್ತಿಗೆಯ ಸದ್ದು. ಕಮೋಡನ್ನು ಕಿತ್ತು ತಳ್ಳುಗಾಡಿಯಲ್ಲಿ ಒಯ್ದರು. ಹೊಸ ಟೈಲ್ಸು ಕೂರಿಸಿದರು. ಮೇಲಿನವರಲ್ಲಿ ಕೆಲವರು ಸೈಕಲ್ ತುಳಿದುಕೊಂಡು ಬರುತ್ತಿದ್ದರು. ಅವರ ಸೈಕಲ್ಲಿಗೆ ಜಾಗ, ಬೆವರು ತೊಳೆದುಕೊಳ್ಳಲು ಸ್ನಾನದ ಕೋಣೆ. ಬಾಗಿಲಿಗೆ ಕಾರ್ಡು. ಆ ಕಾರ್ಡು ಇವರದಲ್ಲ.

"ಸಾರ್, ನಾವೆಲ್ಲಿಗೆ ಹೋಗೋದು?" ಎಂದು ದೊಡ್ಡಮ್ಮ ಕೇಳಿದಳು.

ಗಡಿಯಾರ ಫೋನಿನಿಂದ ಕಣ್ಣೆತ್ತಲಿಲ್ಲ. "ಹೋಗೋದೇ ಇಲ್ಲ ಅಂದ್ರಂತಲ್ಲ? ಹತ್ತೊಂಬತ್ತು ಜನ, ಹತ್ತೊಂಬತ್ತು ಸೊನ್ನೆ. ರಿಪೋರ್ಟ್ ಇದೆ. ಉಪಯೋಗಿಸದ ಜಾಗ ಯಾರು ಇಟ್ಕೋತಾರೆ? ತೀರ ಅರ್ಜೆಂಟ್ ಆದ್ರೆ ರಸ್ತೆ ಆಚೆ ಸಾರ್ವಜನಿಕ ಶೌಚಾಲಯ ಇದೆ. ಮೇಲ್ಸೇತುವೆ ಹತ್ತಿ ಇಳೀರಿ. ಹತ್ತು ನಿಮಿಷದೊಳಗೆ."

ಮೇಲ್ಸೇತುವೆಗೆ ಹತ್ತಲು ಅರವತ್ತೆರಡು ಮೆಟ್ಟಿಲು. ಇಳಿಯಲು ಅರವತ್ತೆರಡು.

ಯಾರೂ ದೊಡ್ಡಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟದ ಹೊತ್ತಿಗೆ ಅವಳು ಬಂದರೆ ಬುತ್ತಿಗಳು ಆಚೆಗೆ ಸರಿಯುತ್ತಿದ್ದವು. ಎರಡು ಗುಟುಕು ಒಂದು ಗುಟುಕಾಯಿತು. ಒಬ್ಬಳು ಒಣ ಅನ್ನ ಗಂಟಲಿಗೆ ಸಿಕ್ಕಿ ಕೆಮ್ಮಿ ಕೆಮ್ಮಿ ಕಣ್ಣೀರು ತಂದುಕೊಂಡಳು, ಬಾಟಲಿ ಪಕ್ಕದಲ್ಲಿದ್ದರೂ ಮುಟ್ಟಲಿಲ್ಲ.

ಮುಂದಿನ ವಾರ, ಹನ್ನೊಂದು ಗಂಟೆಯ ಹೊತ್ತಿಗೆ, ದೊಡ್ಡಮ್ಮನನ್ನು ಮಾಪು ತಗೊಂಡು ನೆಲಮಟ್ಟಕ್ಕೆ ಬಾ ಎಂದು ಕರೆದರು. ಸಾಮಾನಿನ ಲಿಫ್ಟಿನ ಬಾಗಿಲು ತೆರೆದೇ ಇತ್ತು. ಒಳಗೆ ಸೊಸೆ. ಮೂಲೆಯ ತಗಡಿಗೆ ಬೆನ್ನು ಒತ್ತಿ ನಿಂತಿದ್ದಳು. ಪ್ಯಾಂಟು ತೊಡೆಯಿಂದ ಕೆಳಗೆ ಕಪ್ಪಾಗಿತ್ತು. ಬೂಟಿನ ಸುತ್ತ ಕೊಚ್ಚೆ. ಲಿಫ್ಟು ಐದನೆಯ ಮಹಡಿಯಲ್ಲಿ ನಿಂತು, ಅಲ್ಲಿ ಯಾರೋ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಒಳಗೆ ಜೋಡಿಸಿದ್ದರಂತೆ. ಪೆಟ್ಟಿಗೆಗಳ ತಳವೂ ನೆನೆದಿತ್ತು.

"ನಾಯಿ ಕೂಡ ಜಾಗ ನೋಡ್ಕೊಂಡು ಮಾಡುತ್ತೆ," ಎಂದ ಗಡಿಯಾರ, ಮೂಗಿಗೆ ಕರವಸ್ತ್ರ ಒತ್ತಿ. "ಕ್ಯಾಮೆರಾದಲ್ಲಿ ಎಲ್ಲ ಬಂದಿದೆ. ಒರೆಸು, ಬೇಗ."

ದೊಡ್ಡಮ್ಮ ಒರೆಸಿದಳು. ಬೇರೆಯವರದನ್ನು ಆರು ವರ್ಷ ಒರೆಸಿದ ಕೈ. ಆದರೆ ಆ ಬಣ್ಣ ನೋಡಿ ಕೈ ನಿಂತಿತು. ಕಂದೂ ಅಲ್ಲ. ಅದರೊಳಗೆ ಕೆಂಪು ಎಳೆ. ಸುಟ್ಟ ವಾಸನೆ. ತಲೆಯೆತ್ತಿ ನೋಡಿದರೆ ಸೊಸೆಯ ಹಲ್ಲು ಕಟಕಟ ಎನ್ನುತ್ತಿತ್ತು. ಹಣೆ ಮುಟ್ಟಿದಳು. ಕಾದ ಹೆಂಚು.

ಆಸ್ಪತ್ರೆಯಲ್ಲಿ ನರ್ಸು ಒಂದೊಂದೇ ಕೇಳಿ ಬರೆದುಕೊಂಡಳು. "ಉರಿ ಎಷ್ಟು ದಿನದಿಂದ?"

"ಎರಡು ತಿಂಗಳು."

"ಎರಡು ತಿಂಗಳು! ಸೋಂಕು ಮೇಲಕ್ಕೆ ಹತ್ತಿದೆ ನೋಡಿ. ಹೀಗೇ ಬಿಟ್ರೆ ಮಗು ಉಳಿಯಲ್ಲ. ನೀರು ಎಷ್ಟು ಕುಡೀತೀರಿ ದಿನಕ್ಕೆ?"

ಸೊಸೆ ಅತ್ತೆಯ ಕಡೆ ನೋಡಿದಳು. "ನಾಲ್ಕು ಗುಟುಕು. ಈಗೀಗ ಎರಡೇ."

"ಅದ್ಯಾವ ಪುಣ್ಯಾತ್ಮರು ಹೇಳಿದ್ರಮ್ಮ ನಿಮಗೆ?"

ನರ್ಸಿನ ಕಣ್ಣು ತಾನಾಗಿ ಅತ್ತೆಯ ಕಡೆ ತಿರುಗಿತು. ದೊಡ್ಡಮ್ಮ ನೆಲ ನೋಡಿದಳು. ಆಸ್ಪತ್ರೆಯ ನೆಲವೂ ಸರಿಯಾಗಿ ಒರೆಸಿರಲಿಲ್ಲ.

ನರ್ಸು ಹೋದ ಮೇಲೆ ಸೊಸೆ ಗೋಡೆಗೆ ಮುಖ ಮಾಡಿ ಹೇಳಿದಳು, "ಆ ಗಡಿಯಾರ ಹೇಳಿದ್ರೆ ನಾನು ಕೇಳ್ತಾನೇ ಇರಲಿಲ್ಲ ಅತ್ತೆ. ತಿರುಗಿ ಬೈತಿದ್ದೆ. ನೀವು ಹೇಳಿದ್ರಿ ಅಂತ ಕೇಳಿದೆ."

ದೊಡ್ಡಮ್ಮನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಕಕ್ಕಸಿನಲ್ಲಿ ಎಂದೂ ಆಗದ ಹೇಸಿಗೆ. ಕಟ್ಟಡ ಮಾಡಬೇಕಾದ ಕೆಲಸವನ್ನು ತಾನು ಮಾಡಿದ್ದಳು. ಪ್ರೀತಿಯಿಂದ ಮಾಡಿದ್ದಳು. ಗುಂಡಿಯನ್ನು ತನ್ನ ಹಲ್ಲಿನಿಂದಲೇ ಕಚ್ಚಿ ಕೊಟ್ಟಿದ್ದಳು.

ಐದನೆಯ ದಿನ ಸೊಸೆ ಕೆಲಸಕ್ಕೆ ಬರಲೇಬೇಕಾಯಿತು. ಆರನೆಯ ದಿನಕ್ಕೆ ಕಾರ್ಡು ಸಾಯುತ್ತಿತ್ತು.

ಅಂದೇ ಒಂಬತ್ತನೆಯ ಮಹಡಿಯಲ್ಲಿ ಸಭೆ. ಬೇರೆ ಬೇರೆ ಕಡೆಯಿಂದ ಕಟ್ಟಡ ಕಟ್ಟಿಸುವವರು, ಕಟ್ಟುವವರು ನಲವತ್ತು ಜನ ಬಂದಿದ್ದರು. ಈ ಕಟ್ಟಡದ ಜಾಗಗಳನ್ನು ಹೊಸದಾಗಿ ಹಂಚಿದ ಟಿಕ್ ಮೇಡಂ ಮಾತನಾಡುವವಳು. ಗಡಿಯಾರ ಹತ್ತೊಂಬತ್ತು ಜನರನ್ನೂ ಅದೇ ಮಹಡಿಗೆ ಕರೆಸಿದ್ದ. ಕುರ್ಚಿ ಒರೆಸಲು, ಮೇಜಿನ ಮೇಲೆ ನೀರಿನ ಬಾಟಲಿ ಸಾಲಾಗಿ ಜೋಡಿಸಲು, ಆಮೇಲೆ ಹಿಂದಿನ ಗೋಡೆಗೆ ಒತ್ತಿಕೊಂಡು ಕಾಣದಂತೆ ನಿಲ್ಲಲು. "ಕಕ್ಕಸು ಕನ್ನಡಿ ಥರ ಇರ್ಬೇಕು. ಅತಿಥಿಗಳ ಕಾರ್ಡು ಇದೊಂದೇ ಮಹಡೀಲಿ ಕೆಲಸ ಮಾಡೋದು," ಎಂದಿದ್ದ.

"ಈ ಕಟ್ಟಡದಲ್ಲಿ ಮಾಡಬೇಡಿ ಎನ್ನುವ ಫಲಕ ಒಂದೂ ಇಲ್ಲ, ಗಮನಿಸಿದಿರಾ?" ಎಂದಳು ಟಿಕ್ ಮೇಡಂ. ದನಿ ಇಂಪಾಗಿತ್ತು. "ಬೇಕಾಗಿಲ್ಲ. ಗೋಡೆ ಹೇಳುತ್ತದೆ, ಬೆಳಕು ಹೇಳುತ್ತದೆ, ದಾರಿ ಹೇಳುತ್ತದೆ. ಜನ ತಾವಾಗಿಯೇ ಒಳ್ಳೆಯ ಅಭ್ಯಾಸ ಕಲಿಯುತ್ತಾರೆ."

ಪರದೆಯ ಮೇಲೆ ಎರಡು ಚಿತ್ರ ಬಂತು. ಒಂದರಲ್ಲಿ ಜನರೇಟರಿನ ಹಿಂದಿನ ಆ ಹಳೆಯ ಬಾಗಿಲು. ಇನ್ನೊಂದರಲ್ಲಿ ಹೊಸ ಟೈಲ್ಸು, ಹೊಳೆಯುವ ಸೈಕಲ್ಲುಗಳು. ಹಳೆಯ ಬಾಗಿಲಿನ ಕೆಳಗೆ ಆಳೆತ್ತರದ ಸೊನ್ನೆ.

"ಇದು ಬಳಕೆಯೇ ಇಲ್ಲದೆ ಬಿದ್ದಿದ್ದ ಜಾಗ," ಎಂದಳು.

ಹಿಂದಿನ ಗೋಡೆಯ ಬಳಿ ಯಾರೋ ಉಸಿರೆಳೆದುಕೊಂಡರು. ಸೊಸೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ತುಟಿ ಬಿಳಿಚಿತ್ತು. ದೊಡ್ಡಮ್ಮ ಅವಳನ್ನು ನೋಡಿದಳು. ಸೊನ್ನೆಯನ್ನು ನೋಡಿದಳು. ಮುಂದೆ ಬಂದು ಮೇಜಿನ ಮೇಲಿನ ಒಂದು ಬಾಟಲಿ ಎತ್ತಿ, ಮುಚ್ಚಳ ತಿರುವಿ, ಸೊಸೆಯ ಕೈಗಿಟ್ಟಳು.

"ಕುಡಿ."

"ಅತ್ತೆ..."

"ಕುಡಿಯೇ. ಪೂರ್ತಿ."

ನಲವತ್ತು ತಲೆಗಳು ಹಿಂದಕ್ಕೆ ತಿರುಗಿದವು. ಗಡಿಯಾರ ಧಾವಿಸಿ ಬಂದ. "ಏಯ್, ಅದು ಅತಿಥಿಗಳದ್ದು!"

ದೊಡ್ಡಮ್ಮ ಅವನ ಕಡೆ ನೋಡಲೇ ಇಲ್ಲ. "ಮೇಡಂ, ಆ ಸೊನ್ನೆ ಸುಳ್ಳು. ಹೇಳಿದವಳು ನಾನೇ, ಹೇಳಿಸಿದವಳೂ ನಾನೇ. ಕೆಲಸ ಹೋಗುತ್ತೆ ಅಂತ ಹೇಳಿದೆ. ನಾವೂ ಉಚ್ಚೆ ಹೊಯ್ತೀವಿ ಮೇಡಂ. ಈಗ ಎಣಿಸ್ಕೊಳ್ಳಿ. ಇಲ್ಲೇ ಇದ್ದೀವಿ, ಹತ್ತೊಂಬತ್ತು ಜನ."

ಸೊಸೆಯ ರಟ್ಟೆ ಹಿಡಿದು ಹೆಂಗಸರ ಕಕ್ಕಸಿಗೆ ನಡೆದಳು. ಕಾರ್ಡು ಒತ್ತಿದಳು. ಕುಂಯ್ ಎಂದು ತೆರೆಯಿತು. ತೊಳೆಯಲು ಕೊಟ್ಟ ಕಾರ್ಡು, ಯಾವ ಕೆಲಸಕ್ಕೆ ಬಂದಿದ್ದಾಳೆಂದು ಬಾಗಿಲಿಗೇನು ಗೊತ್ತು. ಸೊಸೆಯನ್ನು ಒಳಗೆ ಬಿಟ್ಟು ಹೊರಗೆ ತಿರುಗಿದರೆ, ಹಿಂದೆ ಹದಿನೇಳು ಕಂದು ಅಂಗಿಗಳು ಸಾಲಾಗಿ ನಿಂತಿದ್ದವು. ಯಾರೂ ಕರೆದಿರಲಿಲ್ಲ.

ನಾಲ್ಕು ಬಾಗಿಲು ಮುಚ್ಚಿದವು. ನಾಲ್ಕರ ಕೆಳಗೂ ಕಂದು ಬೂಟು. ಸೊಸೆಯ ಬಾಗಿಲಿನ ಹಿಂದಿನಿಂದ ಮೊದಲು ಒಂದು ನರಳು, ಆಮೇಲೆ ಸದ್ದು. ತಡೆತಡೆದು, ಹನಿ ಹನಿ, ಆಮೇಲೆ ಧಾರೆ. ದೊಡ್ಡಮ್ಮ ಕೇಳುತ್ತ ನಿಂತಳು. ಗಡಿಯಾರ ಹೊಸ್ತಿಲಲ್ಲಿ ನಿಂತು ಅರಚುತ್ತಿದ್ದ. ಹೆಂಗಸರ ಕಕ್ಕಸು. ಒಳಗೆ ಕಾಲಿಡಲು ಅವನಿಗೆ ದಾರಿ ಇರಲಿಲ್ಲ.

"ಎಲ್ಲರ ಕಾರ್ಡೂ ಕಟ್! ನಾಳೆಯಿಂದ ಒಬ್ಬಳೂ ಬರಬೇಡಿ!"

"ನಾಳೆ ಇವನ್ನೆಲ್ಲ ತೊಳೆಯೋರು ಯಾರು ಸಾರ್, ನೀವಾ?" ಎಂದಳು ಸಾಲಿನಲ್ಲಿದ್ದವಳೊಬ್ಬಳು. "ನೂರ ಹನ್ನೆರಡು ಕಮೋಡು. ಟೈಮು ನೋಡ್ಕೊಂಡು ಶುರು ಮಾಡಿ."

ಒಬ್ಬೊಬ್ಬರಾಗಿ ಹೋಗಿ ಬಂದರು. ಯಾರೂ ಅವಸರ ಮಾಡಲಿಲ್ಲ. ಅತಿಥಿ ಹೆಂಗಸರು ಬಂದು ಬಾಗಿಲಲ್ಲಿ ತಡೆದು ನಿಂತರು. ಒಬ್ಬಾಕೆ ಕೆಳಗಿನ ಸಂದು ನೋಡಿ ಮುಖ ಕಿವುಚಿದಳು. ದೊಡ್ಡಮ್ಮ ಹೇಳಿದಳು, "ಸೀಟು ಬದಲಿಸೋಕೆ ಹೇಳಿ ಅಮ್ಮ. ನಾಲ್ಕೂ."

ಆಮೇಲೆ ಟಿಕ್ ಮೇಡಂ ಬಂದಳು. ಮುಖದಲ್ಲಿ ರಕ್ತವಿರಲಿಲ್ಲ. ಒಂದು ಗಂಟೆ ಮಾತನಾಡುತ್ತ ಎರಡು ಬಾಟಲಿ ಖಾಲಿ ಮಾಡಿದ್ದಳು. ಮಂಡಿಗೆ ಮಂಡಿ ಒತ್ತಿ ನಿಂತಳು. ಆ ನಿಲುವು ದೊಡ್ಡಮ್ಮನಿಗೆ ಗೊತ್ತಿತ್ತು.

"ಅಮ್ಮ, ಸ್ವಲ್ಪ... ಇನ್ನೆಷ್ಟು ಹೊತ್ತು?"

"ಗೊತ್ತಿಲ್ಲ ಮೇಡಂ. ನನ್ನದು ಇನ್ನೂ ಆಗಿಲ್ಲ," ಎಂದಳು ದೊಡ್ಡಮ್ಮ. "ಎರಡೇ ಗುಟುಕು ಕುಡೀಬೇಕಿತ್ತು ನೀವು."

ಖಾಲಿಯಾದ ಬಾಗಿಲೊಂದನ್ನು ತಳ್ಳಿ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಆರು ವರ್ಷ ಉಜ್ಜಿದ ಸೀಟು. ಕೂತಳು. ತಣ್ಣಗಿತ್ತು.

ಏನೂ ಬರಲಿಲ್ಲ.

ತಿಣುಕಿದಳು. ಇಲ್ಲ. ಹೊಟ್ಟೆಯ ಕೆಳಗೆ ಕಲ್ಲಿನಂತೆ ಭಾರ. ಆದರೆ ಬಾಗಿಲು ತೆರೆಯದು. ಹದಿನಾಲ್ಕು ಮಹಡಿ ಅವಳ ಒಳಗೇ ನಿಂತಿತ್ತು. ಹೊರಗೆ ಗಡಿಯಾರ ಸೆಕ್ಯುರಿಟಿಯ ಹೆಂಗಸರನ್ನು ಕರೆಸುತ್ತಿದ್ದ. ಬೂಟುಗಳ ಸದ್ದು ಹತ್ತಿರ ಬಂತು. ಬಾಗಿಲು ದಬದಬ ಎಂದಿತು.

"ಹೊರಗೆ ಬಾ!"

"ಆಗೋ ತನಕ ಏಳಲ್ಲ," ಎಂದಳು ದೊಡ್ಡಮ್ಮ. ಮಾತಿಗೆ ಏನೋ ಅಡ್ಡ ಬಂತು. ನಾಲಿಗೆಯ ಕೆಳಗೆ ಬೆರಳು ಹಾಕಿ ಗುಂಡಿಯನ್ನು ತೆಗೆದಳು. ಸವೆದು ಅಂಚೇ ಇಲ್ಲದಂತಾಗಿತ್ತು. ಬುಟ್ಟಿಯೊಳಕ್ಕೆ ಎಸೆದಳು. ಗುರಿ ತಪ್ಪಲಿಲ್ಲ.

"ಲೇ ಹುಡುಗಿ, ಅಲ್ಲಿದ್ದೀಯೇನೇ?"

"ಇಲ್ಲೇ ಇದ್ದೀನಿ ಅತ್ತೆ."

"ಬಾಟಲಿ ಕೊಡು."

ಬಾಗಿಲಿನ ಕೆಳಗಿನ ಸಂದಿನಿಂದ ಒಂದು ಕೈ ಒಳಗೆ ಬಂತು. ಸಭೆಯ ಮೇಜಿನದೇ ಇನ್ನೊಂದು ತುಂಬಿದ ಬಾಟಲಿ, ಮುಚ್ಚಳ ಆಗಲೇ ತಿರುವಿತ್ತು. ದೊಡ್ಡಮ್ಮ ತಲೆ ಹಿಂದಕ್ಕೆ ಹಾಕಿ ಕುಡಿದಳು. ನೀರು ಗಲ್ಲದಿಂದಿಳಿದು ಅಂಗಿಯ ಒಳಕ್ಕೆ ಹರಿಯಿತು. ಬಾಗಿಲು ಮತ್ತೆ ದಬದಬ ಎಂದಿತು.

ಕುಡಿಯುತ್ತಲೇ ಇದ್ದಳು. ಈ ಸಲ ಗುಟುಕು ಎಣಿಸಲಿಲ್ಲ.